ನಲವತ್ತರ ಜಾಗ

ಪ್ಲಗ್ಗು ನಾಲ್ಕಕ್ಕೆ ಆರುನೂರ ನಲವತ್ತು, ಪೆಟ್ರೋಲ್ ಫಿಲ್ಟರಿಗೆ ಮುನ್ನೂರ ಐವತ್ತು, ಪಂಪು ಬದಲಿಸಿದ್ದಕ್ಕೆ ಮೂರು ಸಾವಿರದ ಇನ್ನೂರು, ಕುಮಟೆಯ ಗ್ಯಾರೇಜಿನವನ ಮಜೂರಿ ಒಂಬೈನೂರು, ಟಯರಿನ ಅಡಿಗಿಟ್ಟು ಹತ್ತಿಸಿದ ಎರಡು ಲಿಂಬೆಹಣ್ಣಿಗೆ ಇಪ್ಪತ್ತು. ಒಟ್ಟು ಐದು ಸಾವಿರದ ನೂರಾ ಹತ್ತು ರೂಪಾಯಿ. ಇಷ್ಟರಲ್ಲಿ ಕೆಲಸ ಮಾಡಿದ್ದು ಲಿಂಬೆಹಣ್ಣು ಮಾತ್ರ. ಅದನ್ನು ಹತ್ತಿಸಿದ ದಿನ ಕರ್ಕಿಯ ಮನೆಯಿಂದ ಕಾಸರಕೋಡದ ದೇವಸ್ಥಾನದವರೆಗೆ ಕಾರು ಒಂದು ಸಲವೂ ಮುಗ್ಗರಿಸಿರಲಿಲ್ಲ. ಮಾರನೆಯ ದಿನ ಮತ್ತೆ ಅದೇ ಕಥೆ: ಹೆದ್ದಾರಿಗೆ ಬಂದು ಹದವಾಗಿ ಓಡುತ್ತಿದ್ದಾಗ ಯಾರೋ ಹಿಂದಿನಿಂದ ಅಂಗಿ ಹಿಡಿದೆಳೆದ ಹಾಗೆ ತಡೆಯುವುದು, ತಲೆ ಮುಂದಕ್ಕೆ ಬೀಳುವುದು, ಬಿಟ್ಟ ಕೂಡಲೇ ನೆಗೆಯುವುದು, ಹಿಂದಿನ ಮೀನಿನ ಲಾರಿಯವನು ಹಾರ್ನ್ ಬಾರಿಸಿ ಪಕ್ಕಕ್ಕೆ ಬಂದು ಒಳಗೆ ಕೂತವನ ಜುಟ್ಟು ನೋಡಿ, ಬೈಯಬೇಕೆಂದಿದ್ದನ್ನು ನುಂಗಿಕೊಂಡು ಹೋಗುವುದು. ಹಾಗೆ ನುಂಗಿಕೊಳ್ಳುವುದೇ ವಿಶ್ವನಾಥ ಭಟ್ಟನಿಗೆ ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು. ಪೂಜೆ ಭಟ್ಟನಾದ ತಪ್ಪಿಗೆ ತನಗೆ ಸಲ್ಲಬೇಕಾದ ಬೈಗುಳವೂ ಪೂರ್ತಿ ಸಿಗುವುದಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆ ಅವನು ಕಾರಿನ ಕೀಲಿ ತೆಗೆದುಕೊಂಡಾಗ ಹೆಂಡತಿ ಮಾಲತಿ ತುಳಸಿಕಟ್ಟೆಯ ಹತ್ತಿರ ನಿಂತು, "ಇವತ್ತೂ ಅದ್ರಲ್ಲೇ ಹೋಗ್ತ್ರಾ? ಬಸ್ಸು ಇದ್ದಲಿ," ಎಂದಳು.

"ಹನ್ನೊಂದಕ್ಕೆ ಮಾಸ್ತಮ್ಮ ಬತ್ತು. ಅದು ಕೊಟ್ಟ ಕಾರು ಮನೇಲಿಟ್ಟು ನಾ ಬಸ್ಸಿಂದ ಇಳದ್ರೆ ಎಂತ ತಿಳ್ಕತ್ತು?"

"ಕಾರೂ ನಿಂಗಳ ಹಾಂಗೇ ಇದ್ದು. ಅರ್ಧ ದಾರಿಲಿ ನಿಂತು ಯೋಚನೆ ಮಾಡ್ತು."

ಅವಳು ತಮಾಷೆಗೆ ಹೇಳಿದ್ದು. ಆದರೆ ಹೊನ್ನಾವರ ಮುಟ್ಟುವುದರೊಳಗೆ ಕಾರು ಮೂರು ಸಲ ಯೋಚನೆ ಮಾಡಿತು. ಮೂರನೆಯ ಸಲ ಪಕ್ಕದ ಸೀಟಿನಲ್ಲಿದ್ದ ಹೂವಿನ ಬುಟ್ಟಿ ಮಗುಚಿ ಕೇಪಳದ ಹೂವೆಲ್ಲ ಕಾಲಬುಡಕ್ಕೆ ಚೆಲ್ಲಿತು. ಕಾರು ಕೊಟ್ಟ ಒಣಮೀನಿನ ವ್ಯಾಪಾರಿ ಮಾಸ್ತಮ್ಮ ಇವತ್ತು ದೇವಿಯ ಪ್ರಸಾದ ಕೇಳುವವಳಿದ್ದಳು. ಕಾಸರಕೋಡದಲ್ಲಿ ಮೀನು ಒಣಗಿಸುವ ಮೂರೂ ಜಾಗಗಳನ್ನು ಕೊಟ್ಟುಬಿಟ್ಟು ಭಟ್ಕಳದಲ್ಲೊಂದು ಐಸ್ ಫ್ಯಾಕ್ಟರಿ ಹಿಡಿಯಬೇಕೋ ಬೇಡವೋ ಎಂಬುದು ಪ್ರಶ್ನೆ. ದೇವಿಯ ಎರಡು ಹೆಗಲಿಗೂ ಒಂದೊಂದು ಒದ್ದೆ ಎಸಳು ಹಚ್ಚುವುದು. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಭಟ್ಟನ ಅಜ್ಜನ ಕಾಲದಿಂದ ನಡೆದು ಬಂದ ಕ್ರಮ. ಮದುವೆ, ಬಾವಿ, ಆಪರೇಶನ್, ದೋಣಿಯ ಎಂಜಿನ್ನು, ಎಲ್ಲವೂ ಆ ಎರಡು ಎಸಳಿನ ಮೇಲೆ ತೀರ್ಮಾನವಾದವು. ಮಾಸ್ತಮ್ಮನಂತೂ ಎಸಳು ಹೇಳಿದ ಮೇಲೆ ಮತ್ತೊಬ್ಬರನ್ನು ಕೇಳುವವಳಲ್ಲ. ಇಡೀ ಬದುಕನ್ನೇ ತೂಕಕ್ಕಿಡಲು ಬರುತ್ತಿದ್ದಾಳೆ. ತಕ್ಕಡಿ ಹಿಡಿದವನು ತಾನು. ಅದನ್ನು ನೆನೆದರೆ ಭಟ್ಟನ ಕಾಲು ಪೆಡಲಿನ ಮೇಲೆ ಬೆವರುತ್ತಿತ್ತು.

ಗುರುದತ್ತ ಮೇಸ್ತನ ಗ್ಯಾರೇಜು ಹೊನ್ನಾವರದಲ್ಲಿ ಸೇತುವೆಗಿಂತ ಸ್ವಲ್ಪ ಈಚೆಗೆ ಇತ್ತು. ಭಟ್ಟ ಇಷ್ಟು ದಿನ ಅವನ ಹತ್ತಿರ ಹೋಗದೆ ಕುಮಟೆಗೆ ಹೋಗುತ್ತಿದ್ದುದಕ್ಕೆ ಕಾರಣವಿತ್ತು: ಗುರುದತ್ತ ಕಾಸರಕೋಡದ ಅಳಿಯ, ಇಲ್ಲಿ ಆಡಿದ ಮಾತು ಸಂಜೆಯೊಳಗೆ ಮಾಸ್ತಮ್ಮನ ಅಂಗಳ ಸೇರುತ್ತದೆ. ಕೊಟ್ಟ ಕಾರನ್ನು ಭಟ್ಟರು ಹಾಳು ಮಾಡಿದರು ಎಂದಾಗಬಾರದು. ಇವತ್ತು ಬೇರೆ ದಾರಿ ಕಾಣದೆ ಕಾರನ್ನು ಅಲ್ಲಿಗೇ ತಿರುಗಿಸಿದ. ಗುರುದತ್ತ ಬಾನೆಟ್ ಎತ್ತಿ, ಪುಸ್ತಕದಷ್ಟು ದೊಡ್ಡ ಸ್ಕ್ಯಾನರನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿ ನೋಡಿದ. "ಕಂಪ್ಲೇಂಟ್ ಎಂತದೂ ಇಲ್ಲ ಅಂತದೆ ಭಟ್ರೇ ಇದು. ಕಾರು ತಾನು ಸರಿ ಇದ್ದೇನೆ ಅಂತ ಹೇಳ್ತದೆ."

"ಹಂಗಾದ್ರೆ ನಂದೇ ತಪ್ಪಾ?"

"ಇರಿ ಮಾರಾಯ್ರೆ. ಕಳ್ಳನ ಹತ್ರ ನೀನು ಕಳ್ಳನಾ ಅಂತ ಕೇಳಿದ್ರೆ ಹೌದು ಅಂತಾನಾ?" ಗುರುದತ್ತ ಒಳಗೆ ಹೋಗಿ, ಅಪ್ಪನ ಕಾಲದ ಮುಳ್ಳಿನ ಮೀಟರೊಂದನ್ನು ತಂದ. ಗಾಜು ಸೀಳಿತ್ತು, ಹಗ್ಗ ಕಟ್ಟಿತ್ತು. "ನಂಬರ್ ತೋರ್ಸೋ ಮೀಟ್ರೂ ಇದೆ ನನ್ನ ಹತ್ರ. ಅದು ಅರೆಗಳಿಗೆಯ ಸುಳ್ಳನ್ನ ನುಂಗಿಬಿಡ್ತದೆ. ಈ ಮುಳ್ಳಿಗೆ ನಾಚಿಕೆ ಇಲ್ಲ, ಕಂಡದ್ದು ಕಂಡಂಗೆ ಹೇಳ್ತದೆ."

ಎಂಜಿನ್ ಚಾಲೂ ಮಾಡಬಾರದು, ಕೀಲಿ ಮಾತ್ರ ತಿರುಗಿಸಿಡಬೇಕು, ಪೆಡಲನ್ನು ಪೂರ್ತಿ ಕೆಳಗಿನವರೆಗೆ ಮೆಲ್ಲನೆ ಒತ್ತಬೇಕು ಎಂದು ಭಟ್ಟನಿಗೆ ಅಪ್ಪಣೆಯಾಯಿತು. ಬಾನೆಟ್ ಎದ್ದುದರಿಂದ ಗುರುದತ್ತ ಕಾಣುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. ಒತ್ತಿ. ಬಿಡಿ. ಇನ್ನೂ ಮೆಲ್ಲ. ದೇವರಿಗೆ ಹಾಲೆರೆದಂಗೆ. ಏಳು ಸಲ, ಎಂಟು ಸಲ. ಓಡದ ಕಾರಿನೊಳಗೆ ಕೂತು, ಕಾಣದವನ ಮಾತಿನಂತೆ ಕಾಲು ಒತ್ತುತ್ತ, ಕಾಲಬುಡದ ಹೂವನ್ನು ಇನ್ನೊಂದು ಪಾದದಿಂದ ಒತ್ತಟ್ಟಿಗೆ ಸರಿಸುತ್ತ, ಭಟ್ಟನಿಗೆ ತಾನು ದಿನಾ ಗರ್ಭಗುಡಿಯಲ್ಲಿ ನಿಂತು ಹೊರಗಿನವರಿಗೆ ಹೇಳುವುದೂ ಹೀಗೇ ಅಲ್ಲವೇ ಅನ್ನಿಸಿತು: ಕೈ ಮುಗಿ, ಮನಸ್ಸಲ್ಲಿ ನೆನೆ, ಈಗ ಕಾಯಿ ಕೊಡು. ಅವರೂ ತನ್ನ ಬೆನ್ನನ್ನೇ ನಂಬಿ ಎಲ್ಲ ಮಾಡುತ್ತಾರೆ. ಆವತ್ತು ಮಾಸ್ತಮ್ಮನೂ ಹೀಗೇ ಬೆನ್ನ ಹಿಂದೆ ನಿಂತಿದ್ದಳು, ಹದಿನಾಲ್ಕು ವರ್ಷದ ಹಿಂದೆ, ತಲೆಯ ಮೇಲಿನ ಬುಟ್ಟಿಯನ್ನು ಹೊರಗೆ ಕಲ್ಲಿನ ಮೇಲಿಟ್ಟು ಒದ್ದೆ ಕಾಲಲ್ಲಿ ಬಂದವಳು, ಅತ್ತೆಯ ಕೈಯಿಂದ ಬಂದ ನಾಲ್ಕು ಬಳೆ ಮಾರಿ ಒಣಮೀನಿನ ಜಾಗವೊಂದನ್ನು ಗೇಣಿಗೆ ಹಿಡಿಯಲೋ ಬೇಡವೋ ಎಂದು ಕೇಳಿದವಳು. "ಭಟ್ರೇ, ಬನ್ನಿ, ನೋಡಿ ಇಲ್ಲಿ," ಎಂದು ಗುರುದತ್ತ ಕೂಗಿದಾಗ ಅವನಿಗೆ ಕರೆದದ್ದು ಯಾರು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ಗುರುದತ್ತ ಎಂಜಿನ್ನಿನ ಬದಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕರಿ ಡಬ್ಬಿಯೊಂದನ್ನು ತೋರಿಸಿದ. ಥ್ರಾಟಲ್ ಸೆನ್ಸಾರು. ಕಾಲು ಒತ್ತಿದಷ್ಟು ಗಾಳಿಯ ಮುಚ್ಚಳ ತೆರೆಯುತ್ತದೆ. ಎಷ್ಟು ತೆರೆಯಿತು ಎಂದು ಒಳಗಿನ ಕಂಪ್ಯೂಟರಿಗೆ ಹೇಳುವುದು ಇದರ ಕೆಲಸ, ಅದರ ಮೇಲೆ ಕಂಪ್ಯೂಟರು ಪೆಟ್ರೋಲು ಅಳೆದು ಬಿಡುತ್ತದೆ. ಈಗ ಗುರುದತ್ತ ತನ್ನ ಕೈಯಿಂದಲೇ ಮುಚ್ಚಳದ ಕೇಬಲ್ ಎಳೆದ. ಮುಳ್ಳು ಮೆಲ್ಲನೆ ಏರಿತು, ಏರಿತು, ಒಂದು ಕಡೆ ಪಟಕ್ಕನೆ ಸೊನ್ನೆಗೆ ಬಿತ್ತು, ಮತ್ತೆ ಎದ್ದು ಏನೂ ಆಗದವರಂತೆ ಮೇಲೆ ಹೋಯಿತು.

"ಕಂಡ್ರಾ? ಕಾಲು ಒತ್ತಿದ್ದೇ ಇದೆ, ಇದು ಹೋಗಿ 'ಕಾಲು ತೆಗೆದ' ಅಂತ ಹೇಳ್ತದೆ. ಇಂಜಿನ್ ಪಾಪ, ನಂಬ್ತದೆ. ಪೂರ್ತಿ ಸುಳ್ಳಲ್ಲ ಮತ್ತೆ, ಅದೊಂದು ಜಾಗದಲ್ಲಿ ಮಾತ್ರ. ಉಳಿದ ಕಡೆ ಸತ್ಯವಂತ." ಗುರುದತ್ತ ಕೈ ಒರೆಸಿಕೊಂಡು ಕೇಳಿದ, "ನೀವು ಯಾವಾಗ್ಲೂ ಎಷ್ಟರಲ್ಲಿ ಹೋಗೂದು?"

"ನಲವತ್ತು."

"ಯಾವಾಗ್ಲೂ?"

"ನಲವತ್ತೇ." ಕಾರು ಕೊಡುವಾಗ ಮಾಸ್ತಮ್ಮ, "ಜೋಪಾನ ಭಟ್ರೇ, ನಲವತ್ತರ ಮೇಲೆ ಹೋಗ್ಬೇಡಿ," ಎಂದಿದ್ದಳು. ನಲವತ್ತಕ್ಕಿಂತ ಕಡಿಮೆಯಾದರೆ ಕೊಟ್ಟ ಕಾರಿಗೆ ಅವಮಾನ, ಹೆಚ್ಚಾದರೆ ಕೊಟ್ಟವಳ ಮಾತಿಗೆ ಅವಮಾನ ಎಂದು ಅವನು ನಾಲ್ಕು ವರ್ಷದಿಂದ, ದಿನಕ್ಕೆರಡು ಸಲ, ವೇಗದ ಮುಳ್ಳನ್ನು ನಲವತ್ತರ ಮೇಲೆ ದೀಪದ ಬತ್ತಿಯಂತೆ ನಿಲ್ಲಿಸಿಕೊಂಡು ಬಂದಿದ್ದ.

ಗುರುದತ್ತ ಸೊಂಟಕ್ಕೆ ಕೈ ಕೊಟ್ಟು ನಕ್ಕ. "ಇದರೊಳಗೆ ಒಂದು ಕರಿ ಪಟ್ಟಿ ಇರ್ತದೆ, ಅದರ ಮೇಲೆ ಒಂದು ಸಣ್ಣ ಬೆರಳು ಜಾರ್ತದೆ. ನೀವು ನಾಲ್ಕು ವರ್ಷ ಒಂದೇ ಜಾಗ ತಿಕ್ಕಿದ್ರಿ. ಸವೆದು ಹೋಯ್ತು. ಹೊಟ್ಟೆಪಾಡಿಗೆ ಓಡ್ಸೋ ಟೆಂಪೋದವರ ಗಾಡಿಗೆ ಹಿಂಗಾಗೂದಿಲ್ಲ, ಅವರು ಎಲ್ಲ ಜಾಗದಲ್ಲೂ ತಿಕ್ತಾರೆ. ಇದು ನಿಯತ್ತಿನ ರೋಗ ಭಟ್ರೇ."

ಭಟ್ಟನಿಗೆ ಲಿಂಬೆಹಣ್ಣಿನ ದಿನ ನೆನಪಾಯಿತು. ಅವತ್ತು ಗ್ರಹಣ, ಮೋಕ್ಷಕಾಲದ ಪೂಜೆಗೆ ತಡವಾಗಿ ಅವನು ಬದುಕಿನಲ್ಲಿ ಮೊದಲ ಸಲ ಅರುವತ್ತರಲ್ಲಿ ಓಡಿಸಿದ್ದ. ಹಣ್ಣಿನ ಮೇಲೆ ಇಟ್ಟ ವಿಶ್ವಾಸವನ್ನು ಮನಸ್ಸಿನಲ್ಲಿಯೇ ವಾಪಸು ತೆಗೆದುಕೊಂಡ.

ಹೊಸ ಸೆನ್ಸಾರು ಭಟ್ಕಳದ ಅಂಗಡಿಯಿಂದ ಸಂಜೆಯ ಬಸ್ಸಿಗೆ ಬರುತ್ತದೆ, ಎರಡು ಸಾವಿರದ ನಾನೂರು ಎಂದ ಗುರುದತ್ತ. ಅಷ್ಟರವರೆಗೆ ಇದನ್ನೇ ಸ್ಕ್ರೂ ಸಡಿಲಿಸಿ ಕೊಂಚ ತಿರುಗಿಸಿ ಕೂರಿಸಲು ಆಗುವುದಿಲ್ಲವೇ ಎಂದು ಭಟ್ಟ ಕೇಳಿದ.

"ಆಗ್ತದೆ. ಸುಳ್ಳು ಜಾಗ ಬದಲಿಸ್ತದೆ ಅಷ್ಟೇ. ಈಗ ನಲವತ್ತಕ್ಕೆ ಹೇಳೂದು ಆಗ ಐವತ್ತಕ್ಕೆ ಹೇಳ್ತದೆ. ಅದಕ್ಕಿಂತ ಒಂದು ಮಾಡಿ. ಇಪ್ಪತ್ತೈದರ ಕೆಳಗೆ ಹೋಗಿ, ಇಲ್ಲ ಅರುವತ್ತರ ಮೇಲೆ ಹೋಗಿ. ನಲವತ್ತರ ಹತ್ರ ಮಾತ್ರ ನಿಲ್ಬೇಡಿ."

ಮೊದಲು ಇಪ್ಪತ್ತೈದರಲ್ಲಿ ಹೊರಟ. ಒಂದು ಆಟೋ ದಾಟಿತು, ಕೋಳಿ ತುಂಬಿದ ಬೈಕು ದಾಟಿತು. ಸೇತುವೆಯ ಬುಡದಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದ ಮುದುಕರೊಬ್ಬರು ಕಿಟಕಿಯ ಸಮಕ್ಕೆ ಬಂದು, "ಎಂತ ಭಟ್ರೇ, ಯಾರನ್ನಾದ್ರೂ ಕಾಯ್ತಾ ಇದ್ರಾ?" ಎಂದು ಕೇಳಿದರು. ಹಿಂದೆ ಲಾರಿಗಳ ಸಾಲು ಬೆಳೆಯಿತು. ಆಗ ಅವನು ಪಂಚೆಯನ್ನು ಮೊಣಕಾಲಿನ ನಡುವೆ ಬಿಗಿದುಕೊಂಡು ಪೆಡಲನ್ನು ಸುಳ್ಳಿನ ಜಾಗ ದಾಟುವಂತೆ ಒಮ್ಮೆಲೇ ತುಳಿದ. ಕಾರು ಮುಗ್ಗರಿಸಿ, ನೆಗೆದು, ಅರುವತ್ತೈದಕ್ಕೆ ಹೋಯಿತು. ಕೆಳಗೆ ಶರಾವತಿ ಅಗಲಕ್ಕೆ ಹರಡಿಕೊಂಡಿತ್ತು, ಅಳಿವೆಯ ಕಡೆಗೆ ದೋಣಿಗಳು ಹೊರಟಿದ್ದವು. ಅಷ್ಟು ವೇಗದಲ್ಲಿ ನದಿಗೆ ಕೈ ಮುಗಿಯಲು ಅವನಿಗೆ ಧೈರ್ಯ ಬರಲಿಲ್ಲ. ಗ್ರಹಣದ ದಿನ ಬಿಟ್ಟರೆ ನಾಲ್ಕು ವರ್ಷದಲ್ಲಿ ಕೈ ಮುಗಿಯದೆ ದಾಟಿದ್ದು ಇದೇ ಮೊದಲು. ಆದರೂ ಕಾರು ನಿಲ್ಲಲಿಲ್ಲ, ಸೇತುವೆ ಬೀಳಲಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಮಾಸ್ತಮ್ಮ ಬಳೆಯ ಪ್ರಶ್ನೆ ತಂದ ಆವತ್ತೂ ಏನೂ ಆಗಿರಲಿಲ್ಲ. ಹನ್ನೊಂದೂವರೆಯಿಂದ ಎಸಳು ಅಂಟಿಕೊಂಡೇ ಇತ್ತು, ಹನ್ನೆರಡು ಐವತ್ತಕ್ಕೆ ಊರಿನ ಬಸ್ಸು, ಅದು ತಪ್ಪಿದರೆ ಮತ್ತೆ ಎರಡೂಕಾಲಕ್ಕೆ. ಹೊಟ್ಟೆ ಹಸಿದಿತ್ತು. ಮನೆಯಲ್ಲಿ ಹಲಸಿನಹಣ್ಣಿನ ಕಡುಬು ಮಾಡುತ್ತೇನೆಂದು ಮಾಲತಿ ಹೇಳಿದ್ದಳು. ಆರತಿ ಎತ್ತುವ ನೆವದಲ್ಲಿ ಮುಂದಕ್ಕೆ ಬಾಗಿ, ಹೆಗಲ ಮೇಲಿನ ವಸ್ತ್ರದ ತುದಿಯನ್ನು ಸುಮ್ಮನೆ ಹಾಗೆ ಬೀಸಿದ. ದೀಪ ಎಡಗಡೆ ಉರಿಯುತ್ತಿತ್ತು, ವಸ್ತ್ರಕ್ಕೆ ಬೆಂಕಿ ತಾಗೀತೆಂದು ಬಲಗಡೆಯಿಂದ ಬೀಸಿದ. ಬಲಗಡೆಯ ಎಸಳು ಬಿತ್ತು. ಮಾಸ್ತಮ್ಮ ನೆಲಕ್ಕೆ ಹಣೆ ಹಚ್ಚಿದಳು, ಬಳೆ ಮಾರಿದಳು. ಬಸ್ಸು ಸಿಕ್ಕಿತು. ಕಡುಬು ಚೆನ್ನಾಗಿತ್ತು.

ಅವಳು ಮುಳುಗಿದ್ದರೆ ಅವನು ಎಂದೋ ಬಾಯಿ ಬಿಡುತ್ತಿದ್ದನೇನೋ. ಅವಳು ಏಳುತ್ತ ಹೋದಳು. ಒಂದು ಜಾಗ ಮೂರಾಯಿತು, ಎರಡು ಪಿಕಪ್ ಗಾಡಿ ಬಂದವು, ಹೊಸ ಕಾರು ಬಂತು, ಹಳೆಯದನ್ನು ತೊಳೆಸಿ ಹೂಮಾಲೆ ಹಾಕಿಸಿ ದೇವಸ್ಥಾನದ ಎದುರಿಗೆ ತಂದು ನಿಲ್ಲಿಸಿ, "ದೇವಿ ಕೊಟ್ಟದ್ದರಲ್ಲಿ ನಿಮ್ಗೂ ಇರ್ಲಿ," ಎಂದಳು. ಅಲ್ಲಿಯವರೆಗೆ ಅವಳನ್ನು ನೀನು ಎನ್ನುತ್ತಿದ್ದವನು ಕೀಲಿ ಕೈಗೆ ಬಂದ ಗಳಿಗೆಯಲ್ಲಿ ನೀವು ಎಂದುಬಿಟ್ಟ. ಆ ನೀವು ಇಂದಿಗೂ ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಇತ್ತು.

ಭಟ್ಟ ದೇವಸ್ಥಾನ ಮುಟ್ಟುವಾಗ ಮಾಸ್ತಮ್ಮ ಆಗಲೇ ಬಂದು ಚಂದ್ರಶಾಲೆಯ ಜಗಲಿಯಲ್ಲಿ ಕೂತಿದ್ದಳು. ಜೊತೆಗೆ ಮಗಳು ದಿವ್ಯಶ್ರೀ. ಒಣಮೀನಿನ ವ್ಯಾಪಾರದ ಲೆಕ್ಕವೆಲ್ಲ ಇವಳ ಕೈಯಲ್ಲಿ. "ಎಂತ ಭಟ್ರೇ, ಇವತ್ತು ಕಾರು ಹಾರಿಸ್ಕಂಡು ಬಂದ್ರಿ! ನಾನು ಯಾರೋ ಪೋಲೀಸ್ರು ಅಂತ ಮಾಡಿದ್ದೆ," ಎಂದಳು ಮಾಸ್ತಮ್ಮ. ಭಟ್ಟ ಸ್ನಾನ ಮಾಡಿ ಒಳಗೆ ಹೋದ. ಕಾಲಬುಡಕ್ಕೆ ಚೆಲ್ಲಿದ ಹೂವು ದೇವರಿಗೆ ಆಗುವುದಿಲ್ಲವೆಂದು ಬೇಲಿಯ ಕೇಪಳದಿಂದ ಎರಡು ಎಸಳು ಕಿತ್ತು ತಂದು, ಒದ್ದೆ ಮಾಡಿ, ಹೆಗಲಿಗೊಂದೊಂದು ಹಚ್ಚಿದ. ಹಚ್ಚುವಾಗ ಎರಡನ್ನೂ ಒಂದೇ ಸಮ ಒತ್ತಿದೆನೇ ಎಂದು ಅನುಮಾನವಾಗಿ ತೆಗೆದು ಮತ್ತೊಮ್ಮೆ ಹಚ್ಚಿದ.

ಹನ್ನೊಂದೂವರೆಯಾಯಿತು, ಎಸಳು ಬೀಳಲಿಲ್ಲ. ಹನ್ನೆರಡಾಯಿತು. ಮಾಸ್ತಮ್ಮ ಕಣ್ಣು ಮುಚ್ಚಿ ಕೈ ಮುಗಿದು ನಿಂತೇ ಇದ್ದಳು. ದಿವ್ಯಶ್ರೀ ಕಂಬಕ್ಕೆ ಒರಗಿ ಮೊಬೈಲು ನೋಡಿದಳು, ಇಟ್ಟಳು, ಆಕಳಿಸಿದಳು. ಭಟ್ಟ ಕೈಗಳನ್ನು ಬೆನ್ನ ಹಿಂದೆ ಒಂದಕ್ಕೊಂದು ಹೆಣೆದುಕೊಂಡು, ಪಾಠ ಬರದ ಹುಡುಗನ ಹಾಗೆ ದೇವಿಯ ಎದುರಿಗೆ ನಿಂತಿದ್ದ. ಹೆಗಲ ವಸ್ತ್ರವನ್ನು ತೆಗೆದು ಹೊರಗಿನ ಗೂಟಕ್ಕೆ ಹಾಕಿ ಬಂದಿದ್ದ. ಉಸಿರನ್ನು ಪಕ್ಕಕ್ಕೆ ಬಿಡುತ್ತಿದ್ದ. ಒಂದು ನೊಣ ಬಂದು ಬಲಗಡೆಯ ಎಸಳಿನ ಮೇಲೆ ಕೂತಾಗ ಅದನ್ನು ಓಡಿಸಿದರೂ ತಪ್ಪು, ಬಿಟ್ಟರೂ ತಪ್ಪು ಎಂದು ಬೆವತ. ನೊಣ ತಾನೇ ಹಾರಿ ಎಡಗಡೆಯದರ ಮೇಲೂ ಕೂತು ಹೋಯಿತು.

"ಅವತ್ತೂ ಹಿಂಗೇ ತಡ ಆಗಿತ್ತು," ಎಂದಳು ಮಾಸ್ತಮ್ಮ ಕಣ್ಣು ತೆರೆಯದೆ. "ಕಡೀಗೆ ನೀವು ಆರತಿ ಎತ್ತಿದ ಕೂಡ್ಲೇ ಬಿತ್ತು. ಇವತ್ತೂ ಒಂದು ಆರತಿ ಎತ್ತಿ ಭಟ್ರೇ."

ಬೆನ್ನ ಹಿಂದಿನ ಕೈ ತಾನಾಗಿ ಬಿಚ್ಚಿಕೊಂಡು ಆರತಿಯ ಕಡೆಗೆ ಹೊರಟದ್ದು ಭಟ್ಟನಿಗೆ ಕಂಡಿತು. ಉಳಿದ ಕಡೆಯೆಲ್ಲ ಸತ್ಯವಂತ ಎಂದು ಅವನಿಗೆ ಯಾಕೋ ನೆನಪಾಯಿತು. ಅವನು ತಿರುಗಿ ನಿಂತ.

"ಅವತ್ತು ಅದು ಬಿದ್ದದ್ದಲ್ಲ. ನಾನು ಬೀಳಿಸಿದ್ದು."

"ಎಂತದು?"

"ಎಸಳು. ಹೆಗಲ ವಸ್ತ್ರದಲ್ಲಿ."

ಮಾಸ್ತಮ್ಮ ಕಣ್ಣು ತೆರೆದಳು. "ಬೇಕು ಅಂತ?"

"ಬಸ್ಸಿಗೆ ಹೊತ್ತಾಗಿತ್ತು."

ಕಂಬದ ಹತ್ತಿರ ದಿವ್ಯಶ್ರೀಗೆ ನಗು ಬಂತು. ಸೆರಗಿಲ್ಲದ್ದರಿಂದ ಮೊಬೈಲನ್ನೇ ಬಾಯಿಗೆ ಹಿಡಿದಳು. ಮಾಸ್ತಮ್ಮ ನಗಲಿಲ್ಲ. ಮೀನಿನ ತೂಕದಲ್ಲಿ ಮೋಸ ಕಂಡವಳಂತೆ ಮುಖ ಮಾಡಿ ಲೆಕ್ಕ ಹಾಕತೊಡಗಿದಳು. "ಅಂದ್ರೆ ಬಸ್ಸು ತಡ ಬರ್ತದೆ ಅಂತಿದ್ರೆ ನಾನು ಬಳೆ ಮಾರ್ತಿರ್ಲಿಲ್ಲ?"

"ಗೊತ್ತಿಲ್ಲ. ದೀಪ ಬಲಗಡೆ ಇದ್ದಿದ್ರೆ ನೀನು ಮಾರ್ತಿರ್ಲಿಲ್ಲ."

ನೀನು ಎಂದದ್ದು ಅವನಿಗೇ ಕೇಳಿಸಿತು, ಅವಳಿಗೆ ಕೇಳಿಸಲಿಲ್ಲ. ಅವಳು ದೀಪವನ್ನು ನೋಡುತ್ತಿದ್ದಳು. "ಹದಿನಾಲ್ಕು ವರ್ಷ," ಎಂದಳು. "ಮಳೆಗಾಲದಾಗೆ ಮೀನು ಕೊಳೆತು ನಾ ಅತ್ತಾಗ, ಗಂಡ ಬಿಟ್ಟಾಕು ಅಂದಾಗ, ದೇವಿ ಹೇಳಿದ್ದಾಳೆ ಅಂತ ಹಲ್ಲು ಕಚ್ಚಿ ನಿಂತೆ. ಹೇಳಿದ್ದು ನಿಮ್ಮ ವಸ್ತ್ರವಾ?"

"ಹೌದು."

"ಅಮ್ಮ, ಅದಕ್ಕೇ ನಾ ಹೇಳೂದು," ಎಂದಳು ದಿವ್ಯಶ್ರೀ, "ಉಪ್ಪು ಹಾಕಿದ್ದು ನೀನು. ಒಣಗಿಸಿದ್ದು ನೀನು. ಆ ಐಸ್ ಫ್ಯಾಕ್ಟರಿಯವನ ಕರೆಂಟ್ ಬಿಲ್ ಒಂದು ಸಲ ಕೇಳಿ ನೋಡುವ, ಹೂವು ಆಮೇಲೆ ಬೀಳ್ಲಿ."

ಮಾಸ್ತಮ್ಮ ಅಂಗೈ ಮುಂದೆ ಚಾಚಿದಳು. ತೀರ್ಥಕ್ಕೆಂದು ತಿಳಿದು ಭಟ್ಟ ಉದ್ಧರಣೆ ಎತ್ತಿದ.

"ತೀರ್ಥ ಅಲ್ಲ. ಕೀಲಿ. ದೇವಿ ನಂಗೆ ಕೊಟ್ಟಳು ಅಂತ ನಾನು ನಿಮ್ಗೆ ಕಾರು ಕೊಟ್ಟದ್ದು. ದೇವಿ ಕೊಡ್ಲೇ ಇಲ್ಲ ಅಂದ್ಮೇಲೆ ನಾನು ಎಂತಕ್ಕೆ ಕೊಡಲಿ?"

ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಭಟ್ಟ ಹೊರಗೆ ಬಂದು, ಅಂಗಿಯ ಜೇಬಿನಿಂದ ಕೀಲಿ ತೆಗೆದು, ಕೈಗೆ ಕೈ ತಾಗದಂತೆ ಮೇಲಿಂದ ಹಾಕಿದ. ನಾಲ್ಕು ವರ್ಷದ ಹಿಂದೆ ಅವಳೂ ಹೀಗೇ ಹಾಕಿದ್ದಳು. ದಿವ್ಯಶ್ರೀ ನಾಚಿಕೊಂಡು, "ಬ್ಯಾಡ ಅಮ್ಮ, ಚೆಂದ ಕಾಣೂದಿಲ್ಲ," ಎನ್ನುತ್ತಲೇ ಹೋಗಿ ಹಳೆಯ ಕಾರಿನಲ್ಲಿ ಕೂತಳು. ಮಾಸ್ತಮ್ಮ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಡ್ರೈವರನಿಗೆ ಹೊರಡಲು ಹೇಳಿದಳು. ಹಳೆಯ ಕಾರು ಹೊರಟಾಗ ಭಟ್ಟನಿಗೆ ನೆನಪಾಗಿ, ಒದ್ದೆ ಪಂಚೆಯಲ್ಲಿ ಅಂಗಳದ ತುದಿಯವರೆಗೆ ಓಡಿದ. "ನಲವತ್ತರಲ್ಲಿ ಹೋಗ್ಬೇಡಿ! ಇಪ್ಪತ್ತೈದು, ಇಲ್ಲಾ ಅರುವತ್ತು!"

ದಿವ್ಯಶ್ರೀ ಕಿಟಕಿಯಿಂದ ಕೈ ಬೀಸಿದಳು, ಆಶೀರ್ವಾದ ಎಂದು ತಿಳಿದಳೋ ಏನೋ. ಹೆದ್ದಾರಿಗೆ ಏರಿದ ಕಾರು ಸ್ವಲ್ಪ ಹೊತ್ತಿಗೆ ಮುಗ್ಗರಿಸಿದ್ದು ದೂರದಿಂದ ಕಂಡಿತು.

ಸಂಜೆಯವರೆಗೂ ಎಸಳು ಬೀಳಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದಾಗಲೂ ಎರಡೂ ಒಣಗಿ ಅಲ್ಲೇ ಅಂಟಿದ್ದವು. ಅಭಿಷೇಕದ ನೀರಿಗೆ ಒಟ್ಟಿಗೆ ತೊಳೆದುಹೋಗಿ ಒಂದೇ ತೂಬಿನಲ್ಲಿ ಹೊರಬಿದ್ದವು. ಗುರುದತ್ತ ಫೋನು ಮಾಡಿ, ಸೆನ್ಸಾರು ಬಂದಿದೆ, ಕಾರು ಮಾಸ್ತಮ್ಮ ಕಳಿಸಿದ್ದಾಳೆ, ದುಡ್ಡು ಯಾರ ಹತ್ತಿರ ಕೇಳಲಿ ಎಂದ. ಹೇಳಿ ತರಿಸಿದ್ದು ತಾನು, ಸವೆಸಿದ್ದೂ ತಾನು ಎಂದು ಭಟ್ಟ ಒಪ್ಪಿಕೊಂಡ. "ಮತ್ತೆ ಗೊತ್ತಾತಾ? ಐಸ್ ಫ್ಯಾಕ್ಟರಿಯವ ಕರೆಂಟ್ ಬಿಲ್ ತೋರ್ಸಲಿಕ್ಕೆ ಒಪ್ಲಿಲ್ಲಂತೆ. ಮಾಸ್ತಮ್ಮ ಬೈದು ಎದ್ದು ಬಂದಳಂತೆ," ಎಂದೂ ಸೇರಿಸಿದ. "ಈ ಸಲ ಎಸಳು ಎಡಗಡೆ ಬಿದ್ದಿತ್ತಾ ಭಟ್ರೇ?"

"ಬೀಳ್ಲೇ ಇಲ್ಲ," ಎಂದ ಭಟ್ಟ.

ಮುಂದಿನ ಶುಕ್ರವಾರ ಕತಗಾಲದ ಕಡೆಯಿಂದ ನಾರಾಯಣ ಎಂಬಾತ ಬಂದಿದ್ದ. ಎಮ್ಮೆ ಕೊಳ್ಳಬೇಕೋ ಬೇಡವೋ ಎಂದು ಅವನಿಗೆ ತಿಳಿಯಬೇಕಿತ್ತು. ಎಸಳು ಹಚ್ಚಿ ಮುಕ್ಕಾಲು ಗಂಟೆಯಾಗಿತ್ತು. ಹನ್ನೆರಡು ಐವತ್ತಕ್ಕೆ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಭಟ್ಟನಿಗೆ ಹಸಿವಾಗಿತ್ತು. ಬಸ್ಸು ಸ್ಟಾಪಿನಲ್ಲಿ ನಿಂತು ಇನ್ನೊಮ್ಮೆ ಹಾರ್ನ್ ಬಾರಿಸಿತು, ಕಂಡಕ್ಟರನಿಗೆ ಭಟ್ಟರ ಹೊತ್ತು ಗೊತ್ತಿತ್ತು. ಆಮೇಲೆ ಹೋಯಿತು.

ಹೋದದ್ದು ಒಂದು ಕಾರು, ಏಳು ಸಾವಿರದ ಐನೂರ ಹತ್ತು ರೂಪಾಯಿ, ಮತ್ತು ಮಾಸ್ತಮ್ಮ. ಅವಳು ಆಮೇಲೆ ಆ ದೇವಸ್ಥಾನಕ್ಕೆ ಬರಲಿಲ್ಲ. ಉಳಿದದ್ದು ಇಷ್ಟು: ಕೈ ಬೆನ್ನ ಹಿಂದೆಯೇ ಇತ್ತು, ಮತ್ತು ಅದನ್ನು ಅಲ್ಲಿ ಹಿಡಿದಿಡಲು ಅವನು ಅವತ್ತು ಏನೂ ಕಷ್ಟಪಡಲಿಲ್ಲ.